ಮೂವತ್ತಾರು ಲಕ್ಷ ಚುಕ್ಕಿಗಳು

ಕಂಡಕ್ಟರಿಗೆ ಹೇಳಿದ ಗುಟ್ಟು ಇಡೀ ಬಸ್ಸಿಗೆ ಹೇಳಿದಂತೆ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಮಡಿವಾಳಯ್ಯನವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹೇಳಿದರು. ಚಿತ್ತಾಪುರದ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಕಂಡಕ್ಟರ್ ಬಂದೇನವಾಜ್ ಸುಮ್ಮನೆ ಕೇಳಿದ.

"ಯಾಕ್ರಿ ಸ್ವಾಮ್ಯಾರ, ವಾರದಿಂದ ಮಾರಿ ಸಣ್ಣ ಮಾಡ್ಕೊಂಡೀರಿ?"

ಆರು ದಿನ ಬಾಯಿ ಬಿಗಿಹಿಡಿದಿದ್ದ ಮನುಷ್ಯ ಏಳನೆಯ ದಿನ ಬಾಯಿ ಬಿಟ್ಟರು. "ಮನ್ಯಾಗ ಕಂಪ್ಯೂಟರಿನ ಮಾನಿಟರ್ ಹೋಗ್ಯಾದ. ಇವತ್ತ ಶಹಾಬಾದಿನಾಗ ಒಂದು ತೊಗೋಬೇಕು."

"ನಿಮಗ ಯಾಕ್ರಿ ಮಾನಿಟರ್?"

"ಗೇಮ್ ಆಡ್ಲಿಕ್ಕ."

ಬಂದೇನವಾಜ್ ಚಹಾದ ಲೋಟ ಕೆಳಗಿಟ್ಟ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಡ್ಯೂಟಿಗೆ ಬರುವ, ಹಳ್ಳಿಯ ಮುದುಕಿಯರು ಬಸ್ಸು ಹತ್ತುವ ಮುಂಚೆ ಕೈ ಮುಗಿಯುವ ಐವತ್ತೊಂದು ವರ್ಷದ ಜಂಗಮರು ಗೇಮ್ ಆಡುತ್ತಾರೆಂಬುದು ಅವನಿಗೆ ಲೋಟ ಹಿಡಿದುಕೊಂಡು ಕೇಳುವಂಥ ಸುದ್ದಿಯಾಗಿರಲಿಲ್ಲ.

ಆಟ ಏನೆಂದರೆ, ಲಾರಿ ಓಡಿಸುವುದು. ದಿನವಿಡೀ ಬಸ್ಸು ಓಡಿಸಿದವರು ಮನೆಗೆ ಹೋಗಿ ಲಾರಿ ಓಡಿಸುತ್ತಾರೆಂದರೆ ನಗು ಬರುತ್ತದೆ, ನಗಬೇಕಾದವರು ನಗಲಿ. ಬಸ್ಸಿನಲ್ಲಿ ಜನ ಇರುತ್ತಾರೆ, ಆ ಲಾರಿಯಲ್ಲಿ ಇರುವುದಿಲ್ಲ. ಬಸ್ಸಿನಲ್ಲಿ "ಬೇವಿನ ಗಿಡದ ಹತ್ರ ನಿಲ್ಸ್ರಿ" ಎನ್ನುವವರಿದ್ದಾರೆ, ನಿಲ್ಲಿಸಿದರೆ "ಇದಲ್ರಿ, ಮುಂದಿನ ಗಿಡ" ಎನ್ನುವವರಿದ್ದಾರೆ, ನಿಧಾನ ಹೋದರೆ ಗೊಣಗುವವರು, ಜೋರು ಹೋದರೆ ಬೈಯುವವರು, ಗೇರ್ ಬದಲಿಸುವಾಗ ಮಗಳ ಮದುವೆಗೆ ಮುಹೂರ್ತ ಕೇಳುವವರು. ಆಟದ ಲಾರಿಯಲ್ಲಿ ಮರದ ದಿಮ್ಮಿಗಳಿರುತ್ತವೆ. ದಿಮ್ಮಿಗಳು ಮಾತಾಡುವುದಿಲ್ಲ. ಯಾವುದೋ ತಣ್ಣನೆಯ ದೇಶದ ಉದ್ದನೆಯ ರಸ್ತೆ, ಎರಡೂ ಕಡೆ ಹಸಿರು, ಕೇಳುವವರಿಲ್ಲ, ಹೇಳುವವರಿಲ್ಲ. ಮಗಳು ಡಿಗ್ರಿ ಮುಗಿಸಿ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ಸಂಜೆ ಆರರಿಂದ ಏಳು ಗಂಟೆಯವರೆಗೆ ಅವರು ಆ ರಸ್ತೆಯಲ್ಲಿರುತ್ತಿದ್ದರು. ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಅವರದು ಅಂತ ಇದ್ದದ್ದು ಅದೊಂದೇ ತಾಸು. ಅದಿಲ್ಲದೆ ಈ ವಾರ ಅವರು ಮನುಷ್ಯರಂತೆಯೇ ಇರಲಿಲ್ಲ.

ಕಳೆದ ಆರು ದಿನ ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಹಳೆಯ ರಶೀದಿಯೊಂದರ ಹಿಂದೆ ಬರೆದಿಟ್ಟುಕೊಂಡಿದ್ದರು: ಇಪ್ಪತ್ತೆರಡು ಇಂಚು, ಫುಲ್ ಎಚ್‌ಡಿ, ಎಪ್ಪತ್ತೈದು ಹರ್ಟ್ಸ್, ಎಂಟು ಸಾವಿರದ ಒಳಗೆ. ಶಹಾಬಾದಿನಲ್ಲಿ ಬಸ್ಸು ಅರ್ಧ ತಾಸು ನಿಲ್ಲುತ್ತದೆ. ಇಳಿಯುವುದು, ಕೊಳ್ಳುವುದು, ಬರುವುದು.

ಬಸ್ಸು ಹೊರಟಿತು. ಟಿಕೆಟ್ ಯಂತ್ರದಿಂದ ಚೀಟಿ ಹೊರಬರುವ ಎರಡು ಕ್ಷಣ ಬಂದೇನವಾಜನಿಗೆ ಸಾಕಾಗಿತ್ತು. ಹೆಂಗಸರಿಗೆ ಟಿಕೆಟ್ಟೂ ಪುಕ್ಕಟೆ, ಸುದ್ದಿಯೂ ಪುಕ್ಕಟೆ. ವಾಡಿ ಮುಟ್ಟುವ ಹೊತ್ತಿಗೆ ಹಿಂದಿನ ಸೀಟಿನವರೆಗೂ ಮಾನಿಟರಿನ ಚರ್ಚೆ ನಡೆದಿತ್ತು.

"ನಮ್ಮ ಮನ್ಯಾಗ ನಲವತ್ಮೂರು ಇಂಚಿಂದು ಅದ. ಇಪ್ಪತ್ತೆರಡು ಅಂದ್ರ ಏನ್ ಕನ್ನಡೀನಾ?" ಎಂದು ಒಬ್ಬ.

"ಸ್ವಾಮ್ಯಾರಿಗಿ ವಯಸ್ಸಾಗ್ಯಾದ, ಚಾಳೀಸ ಬಂದದ. ದೊಡ್ಡದೇ ಬೇಕು," ಎಂದು ಇನ್ನೊಬ್ಬ.

ಚಾಲಕರೊಡನೆ ಮಾತಾಡಬಾರದೆಂದು ತಲೆಯ ಮೇಲೆ ಬರೆದಿತ್ತು. ಅದರ ಕೆಳಗೇ ನಿಂತಿದ್ದರು ಸುರೇಶಕುಮಾರ. ಶಹಾಬಾದಿನ ಕಾಲೇಜೊಂದರಲ್ಲಿ ಇತಿಹಾಸ ಹೇಳುವವರು, ಇತಿಹಾಸ ಬಿಟ್ಟು ಉಳಿದ ಎಲ್ಲ ವಿಷಯಗಳಲ್ಲಿ ಅಧಿಕಾರವಾಣಿಯಿಂದ ಮಾತಾಡುವವರು. "ಈಗ ಫುಲ್ ಎಚ್‌ಡಿ ಯಾರೂ ತೊಗೊಳಲ್ರಿ. ಟೂ-ಕೆ ನಡೀಲಿಕತ್ತಾದ. ನಾ ಬರ್ತೀನಿ ನಿಮ್ಮ ಸಂಗಟ."

"ನಿಮ್ಗ ಕ್ಲಾಸ್ ಇಲ್ಲೇನ್ರಿ ಸರ?" ಎಂದರು ಮಡಿವಾಳಯ್ಯ, ಆಸೆಯಿಂದ.

"ಹುಡುಗ್ರು ಕಾಯ್ತಾರ ಬಿಡ್ರಿ."

ಶಹಾಬಾದಿನಲ್ಲಿ ಮಡಿವಾಳಯ್ಯನವರು ಬಸ್ಸಿನಿಂದ ಇಳಿದಾಗ ಅವರ ಹಿಂದೆ ಹದಿನಾಲ್ಕು ಜನ ಇಳಿದರು. ಇಳಿಯುವವರು ಇಳಿದೇ ಇಳಿಯಬೇಕಲ್ಲ ಎಂದುಕೊಂಡು ಅವರು ನಡೆದರು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಹದಿನಾಲ್ಕೂ ಜನ ಹಿಂದೆಯೇ ಇದ್ದರು. ಖಾನಾವಳಿಗೆ ಕಡಕ್ ರೊಟ್ಟಿ ಕೊಟ್ಟು ದಿನಾ ಇದೇ ಬಸ್ಸಿಗೆ ವಾಪಸ್ಸಾಗುವ ಅನಸುಬಾಯಿ ರೊಟ್ಟಿಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಖಾನಾವಳಿಯವನು ಎಲ್ಲಿಗೆ ಹೋಗುತ್ತಾನೆ, ಮಾನಿಟರ್ ಕೊಳ್ಳುವುದು ದಿನಾ ನೋಡಲು ಸಿಗುತ್ತದೆಯೇ?

ಕಂಪ್ಯೂಟರ್ ಅಂಗಡಿ ಹಮೀದಾಬೇಗಂ ಎಂಬಾಕೆಯದು. ಅಂಗಡಿಗೆ ಗಲಾಟೆ ಮಾಡಲು ಬಂದ ಗುಂಪೇನೋ ಎಂದು ಆಕೆ ಮೊದಲು ಗಾಬರಿಯಾಗಿ ಎದ್ದು ನಿಂತಳು. ವಿಷಯ ತಿಳಿದ ಮೇಲೆ ಕುಳಿತು, ಕೇಳಬೇಕಾದ್ದನ್ನೇ ಕೇಳಿದಳು.

"ಕಂಪ್ಯೂಟರ್ ಎಷ್ಟು ವರ್ಷದ್ದದ, ಅಣ್ಣಾ?"

"ಒಂಬತ್ತು."

"ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡೀರೇನು?"

"ಇಲ್ಲಮ್ಮಾ."

"ಹಂಗಾದ್ರ ಇಪ್ಪತ್ತೆರಡು ಇಂಚು, ಫುಲ್ ಎಚ್‌ಡಿ. ಇದರ ಮ್ಯಾಲೆ ಹೋಗಬ್ಯಾಡ್ರಿ, ನಿಮ್ಮ ಕಂಪ್ಯೂಟರ್ ತಡಕೊಳಲ್ಲ."

ಮಡಿವಾಳಯ್ಯನವರ ಕಣ್ಣು ಒದ್ದೆಯಾದವು. ಜೇಬಿನ ರಶೀದಿಯ ಮೇಲೆ ಬರೆದದ್ದನ್ನೇ ಲೋಕದಲ್ಲಿ ಇನ್ನೊಬ್ಬರು ಹೇಳಿದ್ದರು. ವ್ಯವಹಾರ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸುರೇಶಕುಮಾರರಿಗೆ ಅನುಮಾನ ಬಂತು.

"ಅಕ್ಕಾರ, ಇದರಾಗ ಚುಕ್ಕಿ, ಅಂದ್ರ ಪಿಕ್ಸೆಲ್, ಎಷ್ಟವ?"

"ಇಪ್ಪತ್ತು ಲಕ್ಷದ ಮ್ಯಾಲೆ."

"ಆ ಗ್ವಾಡಿಗಿ ಹಚ್ಚಿದ್ದು?"

"ಅದು ಟೂ-ಕೆ, ಇಪ್ಪತ್ತೇಳು ಇಂಚು. ಮೂವತ್ತಾರು ಲಕ್ಷ."

ಹದಿನಾಲ್ಕು ಬಾಯಿಗಳಿಂದ ಒಟ್ಟಿಗೆ ಉಸಿರು ಹೊರಬಂತು. ಅನಸುಬಾಯಿ ಬುಟ್ಟಿಯನ್ನು ಕೆಳಗಿಳಿಸಿದಳು. "ಯವ್ವಾ, ಜಂಗಮರ ಮನಿಗಿ ಹದಿನಾರು ಲಕ್ಷ ಕಮ್ಮಿ ಕೊಟ್ಟು ಕಳಸ್ತಿಯೇನು?"

ಆಗ ಮಡಿವಾಳಯ್ಯನವರು ತಮ್ಮ ಜೀವನದಲ್ಲಿ ಮೊದಲ ಬಾರಿಗೆ ಪ್ರಯಾಣಿಕರಿಗೆ ತಿಳಿಹೇಳಲು ನೋಡಿದರು. "ಕೇಳ್ರಿ ಇಲ್ಲಿ. ಪ್ರತಿ ಚುಕ್ಕಿನೂ ಒಬ್ಬ ಪ್ಯಾಸೆಂಜರ್ ಅಂತ ತಿಳ್ಕೋರಿ. ನಮ್ಮ ಬಸ್ಸಿನಾಗ ಐವತ್ತು ಸೀಟು. ನೂರಾ ಹತ್ತು ಮಂದಿ ಹತ್ತಿದ್ರ ಏರಿನ್ಯಾಗ ಏನಾಗ್ತಾದ? ಎಂಜಿನ್ ಅದೇ ಇರ್ತಾದಲ್ಲ?"

ಎಲ್ಲರೂ ಯೋಚಿಸಿದರು. ಮಾತು ನಾಟಿದಂತೆಯೇ ಕಂಡಿತು. ಆಗ ಬಂದೇನವಾಜ್ ಹೇಳಿದ: "ನೂರಾ ಹತ್ತು ಮಂದೀನ ನೀವು ದಿನಾ ಒಯ್ಯಲ್ಲೇನ್ರಿ ಸ್ವಾಮ್ಯಾರ? ಒಯ್ತೀರಿ. ಇದೂ ಒಯ್ತಾದ."

ಒಯ್ಯುವುದಂತೂ ನಿಜವೇ ಆಗಿತ್ತು.

ಆಮೇಲೆ ಚೌಕಾಶಿ ಶುರುವಾಯಿತು. ಕೊಳ್ಳುವವರು ಬಾಯಿ ಬಿಡಲಿಲ್ಲ, ಉಳಿದವರೆಲ್ಲ ಬಿಟ್ಟರು. ಗೋಡೆಯ ಮಾನಿಟರು ತೋರಿಕೆಗೆ ಇಟ್ಟದ್ದು, ವರ್ಷದಿಂದ ಉರಿದದ್ದು, ಡಬ್ಬಿಯಿಲ್ಲದ್ದು ಎಂದು ಒಬ್ಬೊಬ್ಬರು ಒಂದೊಂದು ದೋಷ ಎತ್ತಿ ಹನ್ನೆರಡು ಸಾವಿರದಿಂದ ಒಂಬತ್ತಕ್ಕೆ ಇಳಿಸಿದರು. ಅಷ್ಟು ದೋಷವಿದ್ದ ಮೇಲೆ ಅದನ್ನು ಯಾಕೆ ಕೊಳ್ಳಬೇಕು ಎಂದು ಮಡಿವಾಳಯ್ಯನವರಿಗೆ ಅನ್ನಿಸಿತು. ಹೇಳುವಷ್ಟರಲ್ಲಿ ಬಂದೇನವಾಜ್ ಸೀಟಿ ಊದಿದ. ಬಸ್ಸಿನ ಹೊತ್ತು ಮೀರಿ ಎಂಟು ನಿಮಿಷವಾಗಿತ್ತು. ಸೀಟಿ ಕೇಳಿದರೆ ಹೊರಡುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಒಂಬತ್ತು ಸಾವಿರ ಇಟ್ಟು ಅವರು ಹೊರಟುಬಿಟ್ಟರು.

"ಅಣ್ಣಾ, ನಡೀಲಿಲ್ಲಂದ್ರ ನಾಳಿಗಿ ತರ್ರಿ, ಸಣ್ಣದು ಕೊಡ್ತೀನಿ. ಪರದಿ ಮ್ಯಾಲೆ ಕಲಿ ಮಾತ್ರ ಬೀಳಬಾರ್ದು!" ಎಂದು ಹಮೀದಾಬೇಗಂ ಹಿಂದಿನಿಂದ ಕೂಗಿದಳು.

ಈ ಒಂದು ಮಾತು ಹಿಡಿದುಕೊಂಡು ಮಡಿವಾಳಯ್ಯನವರು ಸಮಾಧಾನದಿಂದ ಬಸ್ಸನ್ನು ವಾಪಸ್ ಚಿತ್ತಾಪುರದತ್ತ ಬಿಟ್ಟರು. ಕಲೆ ಬೀಳದಂತೆ ನೋಡಿಕೊಂಡು ನಾಳೆ ಬದಲಿಸಿಕೊಂಡರಾಯಿತು, ಒಂದು ದಿನದ ಮಾತು. ಮಾನಿಟರು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೆಂಗಸರ ಸೀಟಿನಲ್ಲಿ, ಅನಸುಬಾಯಿಯ ಮಗ್ಗುಲಲ್ಲಿ ಕುಳಿತಿತ್ತು.

ವಾಡಿ ದಾಟಿದ ಮೇಲೆ ಹಿಂದೆ ಏನೋ ಸರಬರ ಕೇಳಿತು. ಕನ್ನಡಿಯಲ್ಲಿ ನೋಡಿದರೆ ಬೆಡ್‌ಶೀಟು ಬಿಚ್ಚಿತ್ತು.

"ಅನಸಕ್ಕಾ, ಏನ್ ಮಾಡ್ಲಿಕತ್ತೀ?"

"ಹೊಸಾ ಮಿಷನ್ನು ರೀ. ಪೂಜಿ ಇಲ್ದ ಮನಿಗಿ ಒಯ್ತಾರೇನು? ಅದೂ ಜಂಗಮರ ಮನಿಗಿ! ಬಂದೇನವಾಜಣ್ಣಾ, ಮುಂದಿನ ದೇವ್ರ ಫೋಟೋದ ಹತ್ರ ಈಬತ್ತಿ ಅದ ನೋಡು, ಕೊಡು."

ಬಂದೇನವಾಜ್ ಭಕ್ತಿಯಿಂದ ವಿಭೂತಿ ಗಟ್ಟಿ ಎತ್ತಿ ಕೊಟ್ಟ. ಮಡಿವಾಳಯ್ಯನವರು ಬಸ್ಸು ನಿಲ್ಲಿಸಿ ಓಡಬೇಕೆಂದರೆ ಮುಂದೆ ಕಲ್ಲಿನ ಲಾರಿ, ಹಿಂದೆ ಸಿಮೆಂಟಿನ ಲಾರಿ. "ಬ್ಯಾಡ, ಬ್ಯಾಡ, ಕಲಿ ಬೀಳ್ತಾದ!" ಎಂದು ಕೂಗಿದರು.

"ಈಬತ್ತಿಗಿ ಕಲಿ ಅಂತೀರೇನ್ರಿ ಸ್ವಾಮ್ಯಾರ ನೀವೇ?" ಅನಸುಬಾಯಿಗೆ ನಿಜವಾಗಿಯೂ ನೋವಾಯಿತು. ಹಣೆಯ ಮೇಲೆ ಮೂರು ಪಟ್ಟೆ ಇಟ್ಟುಕೊಂಡ ಮನುಷ್ಯ ಇದಕ್ಕೆ ಏನು ಹೇಳಲಾದೀತು? ಮಡಿವಾಳಯ್ಯನವರು ರಸ್ತೆ ನೋಡಿದರು.

"ನಾ ಹಚ್ತೀನಿ, ನೀವು ಅಲ್ಲಿಂದೇ ಮಂತ್ರ ಹೇಳ್ರಿ."

ಹಂಪುಗಳ ಮೇಲೆ ಬಸ್ಸು ಕುಪ್ಪಳಿಸುತ್ತಿರಲು, ಮೂರನೆಯ ಗೇರಿನಲ್ಲಿ, ಮಡಿವಾಳಯ್ಯನವರು ಗಟ್ಟಿ ದನಿಯಲ್ಲಿ ಓಂ ನಮಃ ಶಿವಾಯ ಎಂದರು. ಅನಸುಬಾಯಿ ನೀರಿನ ಬಾಟಲಿಯಿಂದ ಕೈ ಒದ್ದೆ ಮಾಡಿಕೊಂಡು ಇಪ್ಪತ್ತೇಳು ಇಂಚಿನ ಉದ್ದಕ್ಕೂ ಮೂರು ಬೆರಳು ಎಳೆದಳು, ನಡುವೆ ಕುಂಕುಮ ಇಟ್ಟಳು. ಬಂದೇನವಾಜ್ ಫೋಟೋ ತೆಗೆದು, ಹಮೀದಾಬೇಗಂಗೂ ಖುಷಿಯಾಗಲಿ ಎಂದು ಆಕೆಯ ಅಂಗಡಿಯ ನಂಬರಿಗೆ ಕಳಿಸಿದ.

ಸಂಜೆ ಐದಕ್ಕೆ ಮನೆಯಲ್ಲಿ ಜೋಡಿಸಿದ್ದಾಯಿತು. ಹೆಂಡತಿ ನಾಗರತ್ನಾ ಒದ್ದೆ ಬಟ್ಟೆಯಿಂದ ಉಜ್ಜಿದಷ್ಟೂ ಮೂರು ಪಟ್ಟೆ ಮಾಸಲಾಗಿ ಉಳಿದವು. ಅದರ ಹಿಂದಿನಿಂದ ತಣ್ಣನೆಯ ದೇಶದ ರಸ್ತೆ ಹಿಂದೆಂದೂ ಕಾಣದಷ್ಟು ಚೆಲುವಾಗಿ ಕಂಡಿತು. ಎಲೆ ಎಲೆಯೂ ಬೇರೆ ಬೇರೆ! ಮಡಿವಾಳಯ್ಯನವರು ಗೇರ್ ಹಾಕಿದರು. ಲಾರಿ ಒಂದು ಕಡೆ ಇದ್ದದ್ದು ನಿಂತಿತು, ಆಮೇಲೆ ಇನ್ನೊಂದು ಕಡೆ ಇತ್ತು. ನಡುವಿನ ದಾರಿ ಕಾಣಲೇ ಇಲ್ಲ. ಯಾರೋ ಮದುವೆಯ ಆಲ್ಬಮ್ಮಿನ ಹಾಳೆ ತಿರುವಿದಂತೆ ಲಾರಿ ಓಡುತ್ತಿತ್ತು. ಮೂರನೆಯ ಹಾಳೆಗೆ ಗಿಡಕ್ಕೆ ಗುದ್ದಿತು.

ಹಮೀದಾಬೇಗಂಗೆ ಫೋನು ಹಚ್ಚಿದರು.

"ಫೋಟೋ ನೋಡಿನ್ರಿ ಅಣ್ಣಾ. ಕಲಿ ಇದ್ರೂ ಹ್ಯಾಂಗೋ ತೊಗೋತಿದ್ದೆ. ಆದ್ರ ಪೂಜಿ ಮಾಡಿದ್ದು ವಾಪಸ್ ತೊಗೊಂಡ್ರ ನಿಮ್ಮ ದೇವ್ರ ಮುಂದ ನಾ ಏನ್ ಜವಾಬು ಕೊಡ್ಲಿ? ಅದೂ ನೀವೇ ಮಂತ್ರ ಹೇಳಿದ್ದು," ಎಂದಳು, ಬಹಳ ಗೌರವದಿಂದ.

ನಾಗರತ್ನಾ ಪಕ್ಕದ ಝೆರಾಕ್ಸ್ ಅಂಗಡಿಯ ಸಾಯಿಕುಮಾರನನ್ನು ಕರೆತಂದಳು. ಅವನು ರೆಸೊಲ್ಯೂಷನ್ ಇಳಿಸಿ, ಅಂದರೆ ಚುಕ್ಕಿ ಕಡಿಮೆ ಮಾಡಿ, ನೋಡಿದ. ಲಾರಿ ನೀರಿನಂತೆ ಓಡಿತು, ಆದರೆ ಪರದೆಯೆಲ್ಲ ಮಂಜು ಮಂಜು.

"ಇಷ್ಟು ದುಡ್ಡು ಕೊಟ್ಟು ಮಂಜು ನೋಡ್ತೀರೇನ್ರಿ ಸ್ವಾಮ್ಯಾರ? ನಂಗ ಬಿಡ್ರಿ, ನಾ ಸರಿ ಮಾಡ್ತೀನಿ."

ಮಂಜಾದರೂ ಅಡ್ಡಿಯಿಲ್ಲ ಎನ್ನಬೇಕೆಂದಿದ್ದರು ಮಡಿವಾಳಯ್ಯ. ಆದರೆ ಲಿಂಗಪೂಜೆಯ ಹೊತ್ತಾಗಿತ್ತು, ಪೂಜೆ ಮುಗಿಸಿ ಬಂದು ಹೇಳಿದರಾಯಿತೆಂದು ಒಳಗೆ ಹೋದರು. ಬಂದಾಗ ಆರೂ ಹದಿನೈದು. ಸಾಯಿಕುಮಾರ ಪೆನ್ ಡ್ರೈವ್ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಆ ಲಾರಿ ಗೇಮು ಭಾಳ ಭಾರ ಇತ್ರಿ, ತೆಗೆದುಬಿಟ್ಟೆ. ಹಗುರಾದ್ದು ಹಾಕೀನಿ. ಕುಂದ್ರಿ, ನೋಡ್ರಿ, ಮಂಜಿಲ್ಲ, ಎಲ್ಲೂ ನಿಂದ್ರಲ್ಲ."

"ನನ್ನ ಲಾರಿ? ವರ್ಷಗಟ್ಟಲೆ ಓಡಿಸಿದ್ದು?"

"ಹೋಯ್ತು ಬಿಡ್ರಿ. ಇದು ನಿಮಗ ಅಂತೇ ಹುಡುಕಿ ಹಾಕೀನಿ."

ಮಡಿವಾಳಯ್ಯನವರು ಕುಳಿತರು. ಚಿತ್ರ ಕನ್ನಡಿಯಂತಿತ್ತು. ಮೂವತ್ತಾರು ಲಕ್ಷ ಚುಕ್ಕಿಯೂ ಒಂದೊಂದಾಗಿ ಎಣಿಸುವಂತಿದ್ದವು. ಎದುರಿಗೆ ಕೆಂಪು ಬಸ್ಸು ನಿಂತಿತ್ತು. ಬಾಗಿಲ ಮುಂದೆ ಗಂಟು ಮೂಟೆ ಹೊತ್ತು ಜನ ಸಾಲುಗಟ್ಟಿದ್ದರು. ಯಾರೋ ಆಗಲೇ ಗೊಣಗುತ್ತಿದ್ದರು, ಹೊತ್ತಾಯಿತೆಂದು.

"ಇದು ಛಲೋ ಅದ," ಎಂದಳು ನಾಗರತ್ನಾ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂಡುತ್ತ. "ಆ ಲಾರಿದಾಗ ಮಂದಿನೇ ಇದ್ದಿಲ್ಲ, ಬೇಸರ ಬರ್ತಿತ್ತು."

ಮಡಿವಾಳಯ್ಯನವರು ಬಾಗಿಲು ತೆರೆದರು, ಜನ ಹತ್ತಿದರು. ಅಭ್ಯಾಸಬಲದಿಂದ ಅವರು ಕಂಡಕ್ಟರನ ಸೀಟಿಯ ಸದ್ದಿಗೆ ಕಾದರು. ಸೀಟಿ ಬರಲಿಲ್ಲ. ಬಸ್ಸು ಹೊರಡಲಿಲ್ಲ. ಏನಾಯಿತೆಂದು ನೋಡಿದರೆ, ಹತ್ತಿದವರೆಲ್ಲ ಅವರ ಸೀಟಿನ ಪಕ್ಕವೇ ಸಾಲಾಗಿ ನಿಂತು ಕೈ ಚಾಚಿದ್ದರು.

"ಇದರಾಗ ಕಂಡಕ್ಟರ್ ಇರಲ್ರಿ," ಎಂದ ಸಾಯಿಕುಮಾರ. "ಟಿಕೆಟ್ಟೂ ಡ್ರೈವರ್‌ನೇ ಕೊಡಬೇಕು."