ಊರಿನ ಸೌತೆಕಾಯಿ

ನನ್ನಲ್ಲೊಂದು ಸ್ನಾಬರಿ ಇದೆ ಎಂದು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳುತ್ತೇನೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದಲ್ಲ. ಅದೆಲ್ಲ ಇಂಗ್ಲಿಷ್ ಉಚ್ಚಾರದಲ್ಲೇ ಸವೆದುಹೋಯಿತು. ಇದು ತರಕಾರಿಯದು. ಮಂಗಳೂರು ಕಡೆಯವರಾದ ನಾವು ಒಳ್ಳೆಯ ತರಕಾರಿಗೆ ‘ಊರಿನದು’ ಎನ್ನುತ್ತೇವೆ. ಊರಿನ ಬೆಂಡೆ, ಊರಿನ ಬಸಳೆ. ಘಟ್ಟದಿಂದ ಲಾರಿಯಲ್ಲಿ ಇಳಿದದ್ದೆಲ್ಲ ಸೆಕೆಂಡ್ ಕ್ಲಾಸ್. ಮಗನ ಜೊತೆ ದೋಹಾಕ್ಕೆ ಬಂದು ಇಷ್ಟು ವರ್ಷವಾದರೂ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮವರ ಅಂಗಡಿಯಲ್ಲಿ ನನ್ನ ಪ್ರಶ್ನೆ ಅದೇ: “ಊರಿನದು ಉಂಟಾ?” ನನ್ನ ಹಾಗೆಯೇ ವಿಮಾನದಲ್ಲಿ ಬಂದು ಸುಸ್ತಾದ ಸೌತೆಕಾಯಿಯನ್ನು ಎದೆಗವಚಿಕೊಂಡು ಮನೆಗೆ ತರುತ್ತೇನೆ.

ಈ ಸಲ ನಮ್ಮ ಹೊಸ ವರ್ಷದ ಬಿಸು ಹಬ್ಬಕ್ಕೆ ಎರಡು ದಿನವಿರುವಾಗ ಅಂಗಡಿಯ ಸದಾಶಿವ ಕೈಚೆಲ್ಲಿದ. “ಕಾರ್ಗೋ ಬರ್ಲಿಲ್ಲ ಅಮ್ಮಾ. ಸೌತೆ ಮಾಫಿ, ಇಲ್ಲವೇ ಇಲ್ಲ. ಖಲಾಸ್.”

“ಕಣಿಗೆ ಎಂತ ಇಡುದು ಮಾರಾಯಾ, ನನ್ನ ತಲೆಯಾ?”

“ಅದು ಊರಿನದೇ ಅಲ್ವಾ ಅಮ್ಮಾ, ಇಡಿ.”

ಬಿಸುವಿನ ಬೆಳಗ್ಗೆ ಕಣ್ಣುಬಿಟ್ಟೊಡನೆ ನೋಡಬೇಕಾದದ್ದು ಕಣಿ. ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಕನ್ನಡಿ, ನಡುವೆ ಸೌತೆಕಾಯಿ. ಅದನ್ನು ಕಾಣದೆ ನನ್ನ ವರ್ಷ ಶುರುವಾಗುವುದಿಲ್ಲ. ಈ ವರ್ಷ ಮೊಮ್ಮಗಳು ಅನ್ವಿಯ ಕೈಯಲ್ಲೇ ಇಡಿಸಬೇಕೆಂದಿದ್ದೆ. ನನ್ನ ನಂತರ ಇಡುವವರು ಬೇಕಲ್ಲ.

ಇಲ್ಲೇ ಹುಟ್ಟಿ, ಈಗ ಐದನೇ ಗ್ರೇಡಿನಲ್ಲಿರುವ ಅನ್ವಿ ಸಮಾಧಾನ ಹೇಳಿದಳು: “ಅಜ್ಜಿ, ಫಾರ್ಮ್ ಮಾರ್ಕೆಟ್‌ಗೆ ಹೋಗುವಾ. ಎಲ್ಲಾ ಲೋಕಲ್, ಎಲ್ಲಾ ಫ್ರೆಶ್.”

“ಮರಳಲ್ಲಿ ಎಂತ ಬೆಳೀತದೆ ಮಗಾ, ಒಂಟೆಯಾ?”

ಹೋದೆವು. ಟೊಮೆಟೊ ತೊಟ್ಟು ಇನ್ನೂ ಹಸಿರಾಗಿತ್ತು. ಬದನೆಯ ಮೈಯಲ್ಲಿ ಬೆಳಗ್ಗಿನ ಮಣ್ಣು. ಎಳೆ ಸೌತೆಕಾಯಿಯೊಂದನ್ನು ಮೂಗಿಗೆ ಹಿಡಿದೆ ನೋಡಿ, ಮಾರ್ಕೆಟ್ಟೇ ಮಾಯವಾಯಿತು. ಕೊಯ್ಲಾದ ಗದ್ದೆಯಲ್ಲಿ ಅಮ್ಮ ಸೊಂಟದ ಕೊಡದಿಂದ ಬಳ್ಳಿಯ ಬುಡಕ್ಕೆ ನೀರು ಹೊಯ್ಯುತ್ತಿದ್ದಾಳೆ. ಎಲೆ ಸರಿಸಿ, “ಇದು ಕಣಿಗೆ, ಮುಟ್ಬೇಡ” ಎನ್ನುತ್ತಿದ್ದಾಳೆ. ಅಂಗಡಿಯಿಂದ ತಂದದ್ದನ್ನು ಅಮ್ಮ ಒಮ್ಮೆಯೂ ಕಣಿಗೆ ಇಟ್ಟವಳಲ್ಲ. ಕಾಲ ಕೆಳಗಿನ ಮಣ್ಣು ಕೊಟ್ಟದ್ದೇ ಆಗಬೇಕಿತ್ತು.

ಆ ಗುಂಗಿನಲ್ಲೇ ಮಾರುವವನನ್ನು ‘ಊರಿನದಾ’ ಎಂದು ನನ್ನ ಕಾನ್ವೆಂಟ್ ಹಿಂದಿಯಲ್ಲಿ ಕೇಳಿಬಿಟ್ಟೆ: “ಗಾಂವ್ ಕಾ ಹೈ ಕ್ಯಾ?”

ಅವನ ಮುಖ ಮೆತ್ತಗಾಯಿತು. “ಮೇರಾ ಗಾಂವ್? ಬಹುತ್ ದೂರ್ ಹೈ ಅಮ್ಮಾ.” ಆಮೇಲೆ ಸೌತೆಕಾಯಿ ತೋರಿಸಿ ನಕ್ಕ. “ಯೇ ತೋ ಇಧರ್ ಕಾ ಹೈ.”

“ಇಧರ್ ಕಾ ಅಂದ್ರೆ ಊರಿನದೇ ಅಲ್ವಾ ಅಜ್ಜಿ?” ಎಂದಳು ಅನ್ವಿ. “ನನ್ನ ಊರು ಇದೇ ಅಲ್ವಾ?”

ಸಿಸ್ಟರ್‌ಗಳ ಎದುರು ಕೂಡ ನಾನು ಅಷ್ಟು ತಬ್ಬಿಬ್ಬಾದದ್ದಿಲ್ಲ. ಚೀಲ ತುಂಬಿಸಿಕೊಂಡೆ.

ಬಿಸುವಿನ ಬೆಳಗ್ಗೆ ಅನ್ವಿ ನನ್ನ ಕಣ್ಣು ಮುಚ್ಚಿ ಕರೆದೊಯ್ದು ಕಣಿಯೆದುರು ಕೈ ತೆಗೆದಳು. ಹಸಿರು ಸೌತೆ, ನೇರಳೆ ಬದನೆ, ಕೆಂಪು ಟೊಮೆಟೊ, ಎಲ್ಲ ಅವಳ ಊರಿನವು. ಅಕ್ಕಿ, ತೆಂಗಿನಕಾಯಿ ಹಡಗಿನಲ್ಲಿ ಬಂದಿರಬೇಕು. ನಡುವೆ ಕನ್ನಡಿಯಲ್ಲಿ ಒಂದು ಮುಖ. ಇಡೀ ಹರಿವಾಣದಲ್ಲಿ ವಿಮಾನದಲ್ಲಿ ಬಂದದ್ದು ಅದೊಂದೇ. ತುಸು ಬಾಡಿಯೂ ಇತ್ತು.