ವೆಸ್ಟ್ ಇಂಡೀಸ್ ಕುಮಟೆಯಲ್ಲಿಲ್ಲವೆಂದು ತಿಳಿದುಬಂದ ಬಗ್ಗೆ

ಸಂಖ್ಯೆ: ದಿಕ್ಕು/ಪಶ್ಚಿಮ/ಹಲಗೆ/11/62
ಸ್ಥಳ: ಶಿರಸಿ
ದಿನಾಂಕ: 10ನೇ ಸೆಪ್ಟೆಂಬರ್ 1962

ವಿಷಯ: ವಶಪಡಿಸಿಕೊಂಡ ಕರಿಹಲಗೆ ಹಾಗೂ ಅದರ ಮೇಲಿನ ಸ್ವರಾಜ್ಯ.

ಬನವಾಸಿಯ ವಾಚನಾಲಯದಲ್ಲಿ ಶ್ರೀಮತಿ ನೀಲಗಂಗವ್ವ ಎಂಬವರು ಪ್ರತಿ ಸೋಮವಾರ ದೇವರಿಗೆ ದೀಪ ಹಚ್ಚಿ ಬಂದು, ಪತ್ರಿಕೆಯಲ್ಲಿ ಓದಿದ್ದನ್ನು ಹಲಗೆಯ ಮೇಲೆ ಬರೆಯುವ ವಾಡಿಕೆ ಇರುತ್ತದೆ. ಅವರು ಬರೆದ 'ವೆಸ್ಟ್ ಇಂಡೀಸಿಗೆ ಸ್ವರಾಜ್ಯ' ಎಂಬುದನ್ನು ಈ ಕಛೇರಿಯು 'ಪಶ್ಚಿಮ ಇಂಡಿಯಾ' ಎಂದು ಓದಿಕೊಂಡು, ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಇನ್ನೂ ಸರಿಯಾಗಿ ಕೂತಿರದ ನಮ್ಮ ಜಿಲ್ಲೆಯು ಪುನಃ ಗಂಟುಮೂಟೆ ಕಟ್ಟುತ್ತಿದೆಯೆಂದು ಬಗೆದು, ಹಲಗೆಯನ್ನು ವಶಕ್ಕೆ ಪಡೆಯಿತು. ತತ್ಸಂಬಂಧ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ತನಿಖೆಗೆಂದು ಪಶ್ಚಿಮದಲ್ಲಿರುವ ಕುಮಟೆಯ ಕಡಲದಂಡೆಗೆ ಕಳಿಸಲಾದ ಗುಮಾಸ್ತ ದಿನಕರ ಅವರಿಗೆ ಅಲ್ಲಿ ಸ್ವರಾಜ್ಯ ಕೇಳುವವರು ಸಿಗಲಿಲ್ಲ. ಬಂಗಡೆ ಮೀನು ಕೇಳುವವರು ಸಿಕ್ಕಿರುತ್ತಾರೆ.

2. ನೀಲಗಂಗವ್ವನವರ ಹೇಳಿಕೆಯನ್ನು ಇದ್ದ ಹಾಗೇ ದಾಖಲಿಸಲಾಗಿದೆ: "ಪಶ್ಚಿಮ ಅಂದ್ರ ನಿಮ್ಮ ಕುಮಟಾ ಅಲ್ರೀ ಸಾಹೇಬ್ರ. ಈ ಕಡಲು ದಾಟಿ, ಇನ್ನೊಂದು ಕಡಲೂ ದಾಟಿದ್ರ ಸಿಗೋ ದ್ವೀಪ. ಅಲ್ಲೂ ಬಿಳಿ ದೊರಿಗಳ ಆಳಿಕಿನ. ಅಲ್ಲಿ ಮಂದಿನೂ ಬರದು ಬರದು, ಜೇಲಿಗೆ ಹೋಗಿ ಬಂದು ಮತ್ತ ಬರದಾರ. ನಾವು ಕೇಳಿದ್ದನ್ನ ಅವರು ಕೇಳಿದ್ರ ತಪ್ಪೇನ್ರೀ?" ತಪ್ಪೇನೆಂದು ಮೇಲಧಿಕಾರಿಗಳನ್ನು ಕೇಳಲಾಗಿದೆ.

3. ಹಲಗೆಯ ಬರಹವು ಸಾಕ್ಷ್ಯವಾದ್ದರಿಂದ ಒರೆಸತಕ್ಕದ್ದಲ್ಲ. ಎಲ್ಲರಿಗೂ ಕಾಣುವಂತೆ ಕಛೇರಿಯ ಬಾಗಿಲಲ್ಲಿಟ್ಟು, ಯಾರೂ ಓದದಂತೆ ನೋಡಿಕೊಳ್ಳತಕ್ಕದ್ದು.

4. ಸದರಿ ಹಲಗೆಯಲ್ಲಿ ದ್ವೀಪದವರ ಮಾತೆಂದು 'ದೊರೆಗಳೇ, ನಮ್ಮ ಅಂಗಳ ನಾವೇ ಗುಡಿಸಿಕೊಳ್ಳುತ್ತೇವೆ, ಪೊರಕೆ ಇಟ್ಟು ಹೊರಡಿ' ಎಂದಿದೆ. ಕಛೇರಿಯ ಅಂಗಳ ಗುಡಿಸುವ ಮಂಜಿ ಇದನ್ನು ಓದಿಸಿ ಕೇಳಿ, ಪೊರಕೆಯನ್ನು ಸಾಹೇಬರ ಮೇಜಿನ ಮೇಲಿಟ್ಟು ಮನೆಗೆ ಹೋಗಿರುತ್ತಾಳೆ. ಓದಿ ಹೇಳಿದ ಇದೇ ಕಛೇರಿಯ ಸಿಬ್ಬಂದಿ, ಹೆಗಡೆಕಟ್ಟಾದ ವೆಂಕಟ್ರಮಣ ಅವರ ಸಮಜಾಯಿಷಿ: "ಓದಿದ್ದು ಆನೇ (ಎಂದರೆ ನಾನೇ) ಹೌದು. ಬಾಗ್ಲಲ್ಲೇ ಇಟ್ಕಂಡ್ರೆ ಎಂತ ಮಾಡದು, ಕಣ್ಣು ಮುಚ್ಕಂಡು ಒಳಗೆ ಬಪ್ಪಲೆ ಆಗ್ತಿಲ್ಲೆ." ಇನ್ನು ಮುಂದೆ ದೂರದೇಶದ ಪೊರಕೆಗಳನ್ನು ಸ್ಥಳೀಯವಾಗಿ ಅನ್ವಯಿಸತಕ್ಕದ್ದಲ್ಲ.

5. ಸಿದ್ದಾಪುರ, ಯಲ್ಲಾಪುರದ ಸಿಬ್ಬಂದಿ ಪಶ್ಚಿಮಕ್ಕೆ ಮುಖಮಾಡುವುದನ್ನು ಸಾಯಂಸಂಧ್ಯೆಗೆ ಮಾತ್ರ ಅನುಮತಿಸಲಾಗಿದೆ. ಅರ್ಘ್ಯ ಬಿಡುವಾಗ ಯಾರದಾದರೂ ಸ್ವರಾಜ್ಯದ ನೆನಪಾದಲ್ಲಿ, ಅದು ಸೂರ್ಯದೇವರ ವ್ಯಾಪ್ತಿಗೆ ಸೇರುತ್ತದೆ.

6. ಈ ನಡುವೆ ಜಮೈಕಾ, ಟ್ರಿನಿಡಾಡ್ ಎಂಬ ದ್ವೀಪಗಳು ಈ ಕಛೇರಿಯ ಒಪ್ಪಿಗೆಗೆ ಕಾಯದೆ ಕಳೆದ ತಿಂಗಳು ಸ್ವತಂತ್ರವಾಗಿರುತ್ತವೆ. ಹಲಗೆ ಮಾತ್ರ ಇನ್ನೂ ಬಂಧನದಲ್ಲಿದೆ.

7. ಈ ಸುತ್ತೋಲೆಯನ್ನು ಬನವಾಸಿ ವಾಚನಾಲಯದ ಹಲಗೆಯ ಮೇಲೆ ಬರೆದು ಪ್ರಕಟಿಸುವುದು ಕಡ್ಡಾಯ. ಹಲಗೆಯೋ ಇಲ್ಲಿದೆ. ಕಛೇರಿಯವರ ಅಕ್ಷರವನ್ನು ಕಛೇರಿಯವರೇ ಓದಲಾರರು. ಆದ್ದರಿಂದ ಹಲಗೆಯನ್ನು ನೀಲಗಂಗವ್ವನವರಿಗೆ ಮರಳಿಸಿ, ಅವರಿಂದಲೇ ಬರೆಯಿಸತಕ್ಕದ್ದು.

(ಸಹಿ ಅಸ್ಪಷ್ಟ)
ದಿಕ್ಕುಗಳ ಪ್ರಭಾರ ಅಧಿಕಾರಿ

ಪ್ರತಿಗಳು:
1. ವೆಸ್ಟ್ ಇಂಡೀಸಿಗೆ, ಕುಮಟೆ ಮಾರ್ಗವಾಗಿ.
2. ಮಂಜಿಗೆ, ಪೊರಕೆ ಸಹಿತ, ದಯಮಾಡಿ ಬರುವಂತೆ ಕೋರಿ.
3. ನೀಲಗಂಗವ್ವನವರಿಗೆ. ಆ ದ್ವೀಪಗಳ ನೆರೆಯ ಗಯಾನಾದ ಸ್ವರಾಜ್ಯ ಇನ್ನೂ ಬಾಕಿಯಿದೆಯೆಂದು ಅವರು ತಿಳಿಸಿರುವುದರಿಂದ, ಸುತ್ತೋಲೆಯನ್ನು ಸಣ್ಣಕ್ಷರದಲ್ಲಿ ಬರೆಯಬಹುದು. ಉಳಿದ ಜಾಗ ಅವರದು.