ತೊಳೆಯದೆ ಬಣ್ಣ ಬಿಟ್ಟ ಸೀರೆ

ಅರ್ಧ ತಿಳಿದದ್ದನ್ನು ಪೂರ್ತಿ ತಿಳಿದವನ ಗತ್ತಿನಲ್ಲಿ ಹೇಳುವುದು ನನ್ನ ದುರ್ಗುಣ. ಶಾಲೆ ಮಾಸ್ತರನಾದ್ದರಿಂದ ತರಗತಿಯಲ್ಲಿ ಅದು ನಡೆದುಹೋಗುತ್ತದೆ. ಕ್ಯಾಮರಾ ಕೊಂಡ ಮೇಲೆ ನಡೆಯಲಿಲ್ಲ. ಫೋಟೊವನ್ನು ರಾ ಫೈಲಿನಲ್ಲೇ, ಅಂದರೆ ಸಂಸ್ಕರಿಸದ ಕಚ್ಚಾ ರೂಪದಲ್ಲೇ ತೆಗೆಯಬೇಕು, ಅದೇ ಅಪ್ಪಟ ಎಂದು ಯಾರೋ ಹೇಳಿದರು. ಅಂದಿನಿಂದ ಬೆಟಗೇರಿಯ ನಮ್ಮ ಓಣಿಯಲ್ಲಿ ಹಾಲಿನವನಿಗೂ ರಾ ಫೈಲಿನ ಹಿರಿಮೆ ಸಾರಿದೆ. ಪಾಪ, ಅವನು ನಾನು ಏಳುವ ಮೊದಲೇ ಹಾಲು ಹಾಕಿ ಓಡತೊಡಗಿದ.

ಹೀಗಿರುವಾಗ ಪಕ್ಕದ ಮನೆಯ ಈರಮ್ಮ ಕಾಕು ಮಗಳ ಮದುವೆಯ ಫೋಟೊ ನನಗೇ ವಹಿಸಿದರು. ಮದುಮಗಳು ಉಟ್ಟದ್ದು ಕಾಕು ತಾವೇ ನೇಯ್ದ ದಾಳಿಂಬ್ರಿ ಕೆಂಪಿನ ಸೀರೆ. ನಾನು ಕ್ಯಾಮರಾದಲ್ಲಿ ಬಣ್ಣ ಗಾಢವಾಗಿ ಬರುವ ಸೆಟ್ಟಿಂಗ್ ಇಟ್ಟು ತೆಗೆದು, ಹಂದರದಲ್ಲೇ ಅದರ ಪುಟ್ಟ ಪರದೆ ತೋರಿಸಿದೆ. "ಅಗದಿ ಖರೆ ಬಣ್ಣ ಬಂದೈತ್ರಿ ಮಾಸ್ತರ!" ಎಂದು ಕಾಕು ನನ್ನ ಎಲೆಗೆ ಎರಡು ಉಂಡಿ ಹೆಚ್ಚಿಗೆ ಹಾಕಿಸಿದರು.

ಮೂರನೆಯ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೊಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಸೀರೆ ಒಮ್ಮೆ ಕೆಂಪಗೆ ಮಿಂಚಿ, ನೋಡನೋಡುತ್ತಿದ್ದಂತೆ ಮಂಕಾಯಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ನನ್ನ ಸೀರಿ ಹತ್ತು ಸಲ ಒಗದ್ರೂ ಬಣ್ಣ ಬಿಡಂಗಿಲ್ಲ. ನಿಮ್ಮ ಕಂಪ್ಯೂಟರಿನಾಗ ಹೆಂಗ ಬಿಟ್ಟಿತ್ರಿ?" ಕಾಕುವಿನ ಕಣ್ಣಲ್ಲಿ ನೀರು. "ಶಿಗ್ಲಿ ಬೀಗರೂ ನೇಕಾರ್ರು. ಆಲ್ಬಮ್ ನೋಡಿ, ಮಗಳ ಸೀರಿಗೇ ಕಚ್ಚಾ ಬಣ್ಣ ಹಾಕ್ಯಾಳ ಅಂತಾರ್ರಿ!"

ನಾನು ಕಂಪ್ಯೂಟರಿನಲ್ಲಿ ಕೆಂಪು ಹೆಚ್ಚಿಸಿದೆ. ಸೀರೆಯೊಂದಿಗೆ ಮದುಮಗ ಕೆಂಪಾದ, ಭಟ್ಟರು ಕೆಂಪಾದರು, ಬಾಳೆಕಂಬವೂ ಕೆಂಪಾಯಿತು. ಸೋತು, "ಕಾಕು, ರಾ ಅಂದ್ರ ಬಣ್ಣ ಹಾಕದ ನೂಲು ಇದ್ದಂಗ" ಎಂದು ಪಾಠ ಶುರು ಮಾಡಿದೆ.

"ಹಂಗಾದ್ರ ಮಾದರಿ ಎಳಿ ಎಲ್ಲೈತ್ರಿ?" ಎಂದರು ಕಾಕು. "ನೂಲು ಬಣ್ಣಕ್ಕ ಕಳಸುವಾಗ, ಇಂಥಾ ಬಣ್ಣನ ಬೇಕಂತ ಒಂದು ಎಳಿ ಕಟ್ಟೇ ಕಳಸ್ತೀವಿ ನಾವು."

ನನಗೆ ಥಟ್ಟನೆ ಹೊಳೆಯಿತು. ನಾನಿಟ್ಟ ಸೆಟ್ಟಿಂಗನ್ನು ಫೈಲಿನಲ್ಲೇ ಬರೆದು ಕ್ಯಾಮರಾ ಎಳೆ ಕಟ್ಟೇ ಕಳಿಸಿತ್ತು. ಅದನ್ನು ಬಿಚ್ಚಿ ನೋಡದೆ ಕಂಪ್ಯೂಟರು ತನ್ನದೇ ಬಣ್ಣದಲ್ಲಿ ಅದ್ದಿತ್ತು! ಹುಡುಕಿದರೆ, ಕ್ಯಾಮರಾದ ಸೆಟ್ಟಿಂಗನ್ನೇ ಉಳಿಸಿಕೊಳ್ಳುವ ಆಯ್ಕೆ ಅಲ್ಲೇ ಇತ್ತು, ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಒತ್ತಿ, ಎಲ್ಲವನ್ನೂ ಮತ್ತೆ ಇಳಿಸಿದೆ. ದಾಳಿಂಬ್ರಿ ಕೆಂಪು ಬಂತು, ನಿಂತಿತು! ಕಾಕು ಚಪ್ಪಾಳೆ ತಟ್ಟಿದರು, ನಾನು ಕುರ್ಚಿಯಲ್ಲೇ ಕುಣಿದೆ, ಹೆಂಡತಿ ಏನಾಯಿತೋ ಎಂದು ಸೌಟು ಹಿಡಿದೇ ಓಡಿಬಂದಳು.

ಕೊನೆಯ ಫೋಟೊ ಅವಳೇ ತೆಗೆದದ್ದು: ಮದುಮಗಳ ಪಕ್ಕ, ಬಿಳಿ ಅಂಗಿಯಲ್ಲಿ ಎದೆಯುಬ್ಬಿಸಿ ನಿಂತ ನಾನು. ಕಾಕು ಪರದೆಯ ಹತ್ತಿರ ಬಗ್ಗಿದರು.

"ಸೀರಿ ಬಣ್ಣ ಪಕ್ಕಾ ಐತ್ರಿ. ಆದ್ರ ಮಾಸ್ತರ, ನಿಮ್ಮ ತಲಿಗೆ ಹಾಕಿದ್ದು ಯಾವ ಬಣ್ಣರಿ? ಕಿವಿ ಮ್ಯಾಲೆ ಹರದು ಕಾಲರ್‌ಗೂ ಇಳದೈತಲ್ಲ!"

ಹೆಂಡತಿ ಸೌಟು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹರಿದ ಬಣ್ಣ ನೆರಳಿನಂತೆ ಕಾಣಲೆಂದು, ಆಲ್ಬಮ್ಮಿನಲ್ಲಿ ಅದೊಂದು ಫೋಟೊ ಮಾತ್ರ ಕಪ್ಪುಬಿಳುಪಿನಲ್ಲಿದೆ. ಅದೇ ಅಪ್ಪಟ ಕಲೆ ಎಂದು ಹೇಳಲು, ಈಗ ನಾನೂ ಬೇಗ ಎದ್ದು ಹಾಲಿನವನಿಗಾಗಿ ಕಾಯುತ್ತಿದ್ದೇನೆ.